ನಿದ್ದೆ ಮಾತ್ರೆ: ಮನೋವೈದ್ಯರನ್ನು ಕೇಳಿ

ಮಂಜುಳಾ: ಡಾಕ್ಟರೇ, ಅತ್ತೆಗೆ 72 ವರ್ಷ. ಬಹಳ ಕಾಲದಿಂದ ರಾತ್ರಿ ಕ್ಲೊನಜೆಪಾಮ್ ತೆಗೆದುಕೊಳ್ಳುತ್ತಾರೆ. ಮರೆವು ಹೆಚ್ಚಿದೆ, ಬಚ್ಚಲಲ್ಲಿ ಬಿದ್ದಿದ್ದರು. ನಿಲ್ಲಿಸಬಹುದೇ?

ಡಾಕ್ಟರ್: ಒಮ್ಮೆಲೇ ಬೇಡ. ಬರೆದುಕೊಟ್ಟ ವೈದ್ಯರಿಗೆ ಮರೆವು, ಬಿದ್ದದ್ದು ಎರಡನ್ನೂ ಹೇಳಿ, ಮಾತ್ರೆಯೇ ಕಾರಣವಿರಬಹುದು. ಅವರು ಹಂತಹಂತವಾಗಿ ಇಳಿಸುತ್ತಾರೆ.

ಬಸವರಾಜ: ಸರ್, ತಂದೆ ರಾಯಚೂರು ಕಡೆಯವರು. ಮಾತ್ರೆ ಮುಟ್ಟಿದವರಲ್ಲ, ದಿನವೂ ಸೇಂದಿ ಕುಡಿಯುತ್ತಿದ್ದರು. ಬೆಂಗಳೂರಿಗೆ ಕರೆತಂದ ಮೂರನೆಯ ದಿನ ಕೈ ನಡುಗುತ್ತಿದೆ, ನಿದ್ದೆಯಿಲ್ಲ. ಗೋಡೆಯಲ್ಲಿ ಇರುವೆ ಹರಿಯುತ್ತಿವೆ ಎಂದು ಪಂಚೆಯ ಅಂಚಿನಿಂದ ಒರೆಸುತ್ತಲೇ ಇದ್ದಾರೆ. ಗಾಳಿ ಸೋಕಿದೆ ಎನ್ನುತ್ತಾರೆ ಅಮ್ಮ.

ಡಾಕ್ಟರ್: ಬಸವರಾಜ ಅವರೇ, ಈಗಲೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ, ಉಳಿದದ್ದನ್ನು ದಾರಿಯಲ್ಲಿ ಓದಿ. ಆ ಭಾಗದಲ್ಲಿ ಮಾರುವ ಸೇಂದಿಯೆಲ್ಲ ಮರದಿಂದ ಇಳಿಸಿದ್ದಲ್ಲ. ಸಿಎಚ್ ಪೌಡರ್ (ಕ್ಲೋರಲ್ ಹೈಡ್ರೇಟ್), ಡಯಾಜೆಪಾಮ್, ಅಲ್ಪ್ರಜೊಲಾಮ್ ಎಂಬ ನಿದ್ದೆ ಬರಿಸುವ ಔಷಧಗಳನ್ನು ಬೆರೆಸಿದ್ದು ಅಲ್ಲೂ ತೆಲಂಗಾಣದಲ್ಲೂ ಸಿಕ್ಕಿಬಿದ್ದಿದೆ. ಹಾಗಿದ್ದರೆ ಅವರು ತಿಳಿಯದೆಯೇ ವರ್ಷಗಟ್ಟಲೆ ನಿದ್ದೆ ಮಾತ್ರೆ ನುಂಗಿದ್ದಾರೆ. ಮಿದುಳನ್ನು ಶಾಂತವಾಗಿಡುವ ಗಾಬಾ ಎಂಬ ರಾಸಾಯನಿಕಕ್ಕೆ ಈ ಔಷಧಗಳು ಊರುಗೋಲು. ಹಠಾತ್ತನೆ ಕಸಿದರೆ ನಡುಕ, ಭ್ರಮೆ, ಫಿಟ್ಸ್, ಪ್ರಾಣಾಪಾಯ. ಚಿಕಿತ್ಸೆಗೆ ಕೊಡುವುದೂ ಇದೇ ಗುಂಪಿನ ಔಷಧವನ್ನೇ, ಅಳೆದು, ಕಣ್ಗಾವಲಿನಲ್ಲಿಟ್ಟುಕೊಂಡು. ದಾರಿಯಲ್ಲಿ ಫಿಟ್ಸ್ ಬಂದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ. ಮರ್ಯಾದೆಗೆ ಅಂಜಿ ಸೇಂದಿಯ ವಿಷಯ ಮುಚ್ಚಿಡಬೇಡಿ.

ಶ್ರೀಧರ: ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದು: 'ಗಸಗಸೆ, ಜಾಯಿಕಾಯಿ ಹಾಲಿನಲ್ಲಿ ಕುದಿಸಿ ಕುಡಿಯಿರಿ, ನಿದ್ದೆ ಮಾತ್ರೆ ಇಂದೇ ಬಿಸಾಡಿ.'

ಡಾಕ್ಟರ್: ಹಾಲು ಕುಡಿಯಿರಿ. 'ಇಂದೇ ಬಿಸಾಡಿ' ಎಂದು ಬರೆದವನು ಫಿಟ್ಸ್ ಬಂದಾಗ ಫೋನ್ ಎತ್ತುವುದಿಲ್ಲ.

ರೇಖಾ: ಅಣ್ಣ ಅಲ್ಪ್ರಜೊಲಾಮ್ ನಿಲ್ಲಿಸಬಹುದೇ?

ಡಾಕ್ಟರ್: ಮೇಲೆ ಮಂಜುಳಾ ಅವರಿಗೆ ಬರೆದಿದ್ದೇನೆ.

ಪೂರ್ಣಿಮಾ: ಹಾಲುಣಿಸುವವರು ತೆಗೆದುಕೊಳ್ಳಬಹುದೇ?

ನಾಗೇಶ: ನಮ್ಮದು ಔಷಧಿ ಅಂಗಡಿ. 2014ರಿಂದ ಅಲ್ಪ್ರಜೊಲಾಮ್, ಡಯಾಜೆಪಾಮ್ ಮುಂತಾದವು ಚೀಟಿಯಿಲ್ಲದೆ ಮಾರಬಾರದ ಔಷಧಗಳ ಎಚ್1 ಪಟ್ಟಿಯಲ್ಲಿವೆ, ವೈದ್ಯರ ಹೆಸರು, ರೋಗಿಯ ಹೆಸರು ರಿಜಿಸ್ಟರಿಗೆ ಏರಿಸಬೇಕು. ಚೀಟಿ ಕೇಳಿದರೆ ಬೈಯುತ್ತಾರೆ.

ಶ್ರೀಧರ: ಪಕ್ಕದ ಅಂಗಡಿಯಲ್ಲಿ ಕೇಳದೆಯೇ ಕೊಡುತ್ತಾರೆ.

ನಾಗೇಶ: ಹಾಗಾದರೆ ಅಲ್ಲಿಗೇ ಹೋಗಿ.

ಶ್ರೀಧರ: ನೀವೂ ಡಾಕ್ಟರೂ ಒಂದೇ ತಕ್ಕಡಿ. ಮನೆಮದ್ದೆಂದರೆ ಉರಿ.

ಮಂಜುಳಾ: ಶ್ರೀಧರ ಅವರೇ, ಬಸವರಾಜರ ತಂದೆಯ ಸ್ಥಿತಿ ಓದಿದಿರಾ?

ಶ್ರೀಧರ: ಅದು ಸೇಂದಿಯ ಕಥೆ. ಇದಕ್ಕೂ ಅದಕ್ಕೂ ಏನು ಸಂಬಂಧ?

ಡಾಕ್ಟರ್: ಸಂಬಂಧವನ್ನೇ ಅಷ್ಟುದ್ದ ಬರೆದೆ. ಇನ್ನೊಂದು: ಮದ್ಯ ಕುಡಿದ ರಾತ್ರಿ, ಅಥವಾ ಕೊಡೀನ್ ಇರುವ ಕೆಮ್ಮಿನ ಔಷಧದ ಜೊತೆ ಈ ಮಾತ್ರೆ ನುಂಗಿದರೆ ಉಸಿರೇ ನಿಲ್ಲಬಹುದು. ಇದನ್ನು ಬೇಕಾದರೆ ಹತ್ತು ಗುಂಪಿಗೆ ಕಳಿಸಿ.

ಬಸವರಾಜ: ಸೇರಿಸಿಕೊಂಡರು ಸರ್. ಬಾಗಿಲಲ್ಲೇ ಫಿಟ್ಸ್ ಬಂತು. ಸೇಂದಿಯ ವಿಷಯ ಹೇಳಿದೆ.

ಡಾಕ್ಟರ್: ಒಳ್ಳೆಯದು. ಮನೆಗೆ ಕಳಿಸುವ ಮುನ್ನ ಅಲ್ಲಿನ ಮನೋವೈದ್ಯರಿಗೂ ತೋರಿಸಿ.

ಶ್ರೀಧರ: ಜಾಯಿಕಾಯಿ ಎಷ್ಟು ಹಾಕಬೇಕೆಂದು ಯಾರಾದರೂ ಹೇಳುತ್ತೀರಾ?