ಅಣ್ಣನಿಗೆ ನೆಗಡಿ, ತಂಗಿಗೆ ಆಸ್ಪತ್ರೆ

ನಮ್ಮ ಅಪ್ಪ-ಅಮ್ಮಂದಿರ ಗುಂಪಿನಲ್ಲಿ ಪುಣೆಯ ವಾಕಡ್‌ನವರೊಬ್ಬರು ನಿನ್ನೆ ಕೇಳಿದ್ರಲ್ಲ, ಮನೇಲಿ ಆರು ವಾರದ ಕೂಸಿದೆ, ದೊಡ್ಡವನನ್ನ ಪಾಳಣಾಘರಕ್ಕೆ (ಡೇಕೇರ್‌ಗೆ) ಕಳಿಸೋದಾ ಬೇಡ್ವಾ ಅಂತ. ಎರಡು ಸಾಲಲ್ಲಿ ಹೇಳೋಕಾಗಲ್ಲ, ನಮ್ಮನೇಲಿ ಆಗಿದ್ದನ್ನೇ ಹೇಳ್ತೀನಿ.

ಹೋದ ವರ್ಷ ಆಗಸ್ಟ್. ಪುಣೆ ಮಳೆ ಗೊತ್ತಲ್ಲ, ಒಣಗಿಸಿದ ಬಟ್ಟೆ ಮೂರು ದಿನ ಆದ್ರೂ ಹಸಿ. ಮಗನಿಗೆ ಮೂರು ವರ್ಷ, ಮಗಳಿಗೆ ಮೂರು ತಿಂಗಳು. ಸೋಮವಾರ ಬೆಳಿಗ್ಗೆ ಅವನ ಮೂಗು ಸೋರ್ತಿತ್ತು, ಮೈ ಸ್ವಲ್ಪ ಬೆಚ್ಚಗಿತ್ತು. ಹೆಂಡತಿ ರಾತ್ರಿಯೆಲ್ಲ ನಿದ್ದೆ ಮಾಡಿರಲಿಲ್ಲ, ನನಗೆ ಒಂಬತ್ತಕ್ಕೆ ಮೀಟಿಂಗ್. ಪ್ಯಾರಾಸಿಟಮಾಲ್ ಕುಡಿಸಿ ಕಳಿಸಿಬಿಟ್ಟೆ. ಈ ಗುಂಪಿನಲ್ಲಿ ಅರ್ಧ ಜನ ಈ ಕೆಲಸ ಮಾಡಿರ್ತೀರಿ, ಬಿಡಿ. ಸಂಜೆ ಬಂದವನು ತಂಗಿಯ ಗಿಲಕಿ ತಗೊಂಡು ತಾನೊಂದು ಸಲ ಚೀಪಿ, ಪ್ರೀತಿಯಿಂದ ಅವಳ ಬಾಯಿಗೇ ಇಟ್ಟ. ನಾವು ನಗ್ತಾ ನೋಡಿದ್ವಿ.

ಗುರುವಾರಕ್ಕೆ ಅವನು ಸೋಫಾ ಮೇಲೆ ಕುಣೀತಿದ್ದ. ಶನಿವಾರ ಕೂಸು ಹಾಲು ಕುಡಿಯೋದನ್ನ ಮಧ್ಯಕ್ಕೇ ಬಿಡೋಕೆ ಶುರು ಮಾಡ್ತು.

ಅದು ಆರ್‌ಎಸ್‌ವಿ ಅಂತ ಆಮೇಲೆ ಗೊತ್ತಾಯ್ತು. ಎರಡು ವರ್ಷ ತುಂಬೋದ್ರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಬರೋ ವೈರಸ್ಸು. ಒಮ್ಮೆ ಬಂದ್ರೂ ಮತ್ತೆ ಬರುತ್ತೆ. ದೊಡ್ಡವರಿಗೆ ಸಾಮಾನ್ಯವಾಗಿ ಬರೀ ನೆಗಡಿ. ಎಳೇ ಕೂಸಿಗೆ ಮಾತ್ರ ಎದೆಯೊಳಗಿನ ಸಣ್ಣ ಶ್ವಾಸನಾಳಗಳು ಊದಿ, ಲೋಳೆ ಕಟ್ಟಿಕೊಳ್ಳುತ್ತೆ. ನಾವು ಒಂದ್ಸಲ ಕ್ಯಾಕರಿಸಿದ್ರೆ ಹೋಗುವಷ್ಟು ಕಫ, ಅವರ ಉಸಿರನ್ನೇ ತಡೆಯುತ್ತೆ. ಕೆಮ್ಮು, ಸೀನಿನಿಂದಷ್ಟೇ ಅಲ್ಲ, ಕೈಯಿಂದಲೂ ಹರಡುತ್ತೆ. ತೊಟ್ಟಿಲ ಸರಳು, ಆಟದ ಸಾಮಾನಿನ ಮೇಲೆ ಗಂಟೆಗಟ್ಟಲೆ ಬದುಕಿರುತ್ತೆ. ತಗುಲಿದ ಮೇಲೆ ಕಾಣಿಸಿಕೊಳ್ಳೋಕೆ ಸಾಮಾನ್ಯವಾಗಿ ನಾಲ್ಕರಿಂದ ಆರು ದಿನ. ನಮ್ಮ ಸೋಮವಾರ-ಶನಿವಾರದ ಲೆಕ್ಕ ಸರಿಯಾಗೇ ಇತ್ತು.

ಬಾಣಂತನಕ್ಕೆ ಧಾರವಾಡದಿಂದ ಬಂದಿದ್ದ ಅಮ್ಮ ಲೋಬಾನದ ಧೂಪ ತಂದ್ರು. "ಎಳೀ ಕೂಸಿಗೆ ಹೊಗಿ ತೋರಸಲಿಲ್ಲಂದ್ರ ಕಫ ಹೆಂಗ ಕರಗತೈತಿ?" ಕಿಟಕಿ ಮುಚ್ಚಿದ ಕೋಣೆ, ಮೊದಲೇ ಉಸಿರಿಗೆ ಒದ್ದಾಡ್ತಿರೋ ಮಗು, ಮೇಲೆ ಹೊಗೆ. ಕಸಿದುಕೊಂಡೆ. ಎರಡು ದಿನ ಅಮ್ಮ ನನ್ನ ಜೊತೆ ಮಾತಾಡಲಿಲ್ಲ.

ರಾತ್ರಿ ಮಗಳು ಮಲಗಿದ್ದಾಗ ಅಂಗಿ ಮೇಲೆತ್ತಿ, ಮೊಬೈಲಲ್ಲಿ ಒಂದು ನಿಮಿಷ ಇಟ್ಟುಕೊಂಡು ಉಸಿರು ಎಣಿಸಿದೆ. 64. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಗುಳಿ ಬೀಳ್ತಿತ್ತು, ಮೂಗಿನ ಹೊಳ್ಳೆ ಅರಳ್ತಿತ್ತು. ಎರಡು ತಿಂಗಳು ದಾಟಿದ ಕೂಸಿಗೆ ಒಂದು ವರ್ಷದವರೆಗೆ ನಿಮಿಷಕ್ಕೆ 50 ಅಥವಾ ಹೆಚ್ಚಿದ್ರೆ ವೇಗದ ಉಸಿರು. ವಾಕಡ್‌ನವರೇ, ನಿಮ್ಮ ಕೂಸಿಗೆ ಆ ಗಡಿ 60. ಕೆಮ್ಮಿನ ಸದ್ದು ಕೇಳಿ ಹೆದರಬೇಡಿ. ಹಾಲು ಅರ್ಧಕ್ಕಿಳಿದ್ರೆ, ಒದ್ದೆ ಡೈಪರ್ ಕಮ್ಮಿಯಾದ್ರೆ, ಪಕ್ಕೆ ಎಳೀತಿದ್ರೆ ಬೆಳಗಾಗೋವರೆಗೆ ಕಾಯಬೇಡಿ.

ಆಸ್ಪತ್ರೇಲಿ ಮೂರು ದಿನ. ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ನೋಡೋಕೆ ಕಾಲ್ಬೆರಳಿಗೆ ಕೆಂಪು ದೀಪದ ಕ್ಲಿಪ್, ಮೂಗಿಗೆ ಆಕ್ಸಿಜನ್, ನಳಿಕೇಲಿ ಹಾಲು. ಆ್ಯಂಟಿಬಯಾಟಿಕ್ ಕೊಡಲಿಲ್ಲ, ಇದು ವೈರಸ್, ಅದಕ್ಕೆ ಬಗ್ಗಲ್ಲ. ಮನೆಗೆ ಬಂದ ಮೇಲೆ ಮೂಗಿಗೆ ಉಪ್ಪುನೀರಿನ ಡ್ರಾಪ್ಸ್ ಅಷ್ಟೇ. ಮೆಡಿಕಲ್‌ನವರು ಕೊಡೋ ಕೆಮ್ಮಿನ ಸಿರಪ್ ಮುಟ್ಟಬೇಡಿ, ಒಂದು ವರ್ಷದೊಳಗೆ ಜೇನುತುಪ್ಪಾನೂ ಬೇಡ. ಕೆಮ್ಮು ಮೂರು ವಾರ ಎಳೀತು.

ಈಗ ನಿಮ್ಮ ಪ್ರಶ್ನೆ. ಅಜ್ಜಿ ಮನೇಲಿದ್ರೆ ಈ ಮಳೆಗಾಲ ಕಳೆಯೋವರೆಗೆ ದೊಡ್ಡವನನ್ನ ಮನೇಲೇ ಇಟ್ಕೊಳ್ಳಿ ಅಂತೀನಿ. ಆಗಲ್ಲ ಅಂದ್ರೆ, ಬಂದ ಕೂಡಲೇ ಸೋಪು ಹಚ್ಚಿ ಕೈ, ಬೇರೆ ಅಂಗಿ, ಆಮೇಲೆ ಕೂಸು. ಮುತ್ತು ಪಾದಕ್ಕೆ ಮಾತ್ರ. (ನಾಲ್ಕೈದು ತಿಂಗಳಾದ ಮೇಲೆ ಪಾದಾನೂ ಬಾಯಿಗೆ ಹಾಕ್ಕೋತಾರೆ, ಅದು ಬೇರೆ ಮಾತು.) ಗಣಪತಿ ಆರತಿಗೆ ಬರೋ ಸೊಸೈಟಿಯವರ ಕೈಗೆಲ್ಲ ಕೂಸನ್ನ ಕೊಡಬೇಡಿ, ಮುನಿಸಿಕೊಂಡ್ರೂ ಪರವಾಗಿಲ್ಲ. ನಿಮ್ಮಮ್ಮ ಊರಿಂದ ಲೋಬಾನ ತಂದಿದ್ರೆ ಆ ಜಗಳಾನ ಕೂಸು ಆರಾಮಿರುವಾಗಲೇ ಮುಗಿಸಿಕೊಂಡುಬಿಡಿ.