ನಾಲ್ಕು ಸಾವಿರ ಸ್ಲೈಡ್‌ಗಳಿಗೆ ಯಾವ ಸ್ಕ್ಯಾನರ್ ಕೊಳ್ಳಲಿ?

ಪ್ರಶ್ನೆ: ನಮ್ಮ ತಂದೆಯವರು ತೆಗೆದ ಸುಮಾರು 4,000 ಸ್ಲೈಡ್‌ಗಳು (ಪುಟ್ಟ ಚೌಕಟ್ಟಿಗೆ ಕೂರಿಸಿದ ಫಿಲ್ಮ್ ಚಿತ್ರಗಳು) ಸಾಗರದ ಮನೆಯಲ್ಲಿವೆ. ಎಲ್ಲವೂ 35 ಮಿ.ಮೀ., ಹೆಚ್ಚಿನವು ಕೊಡಾಕ್ ಕಂಪನಿಯ ಕೊಡಾಕ್ರೋಮ್ ಫಿಲ್ಮ್. ಮಳೆಗಾಲದ ತೇವಕ್ಕೆ ಕೆಲವು ಬೂಸ್ಟು ಹಿಡಿದಿವೆ. ಗೆಳೆಯರ ಫ್ಲಾಟ್‌ಬೆಡ್ ಸ್ಕ್ಯಾನರಿನಲ್ಲಿ, ದೂಳು ಅಳಿಸುವ ಸೌಲಭ್ಯ ಹಾಕಿ, ಹತ್ತನ್ನು ಸ್ಕ್ಯಾನ್ ಮಾಡಿ ನೋಡಿದೆ. ಜೋಗದ ಚಿತ್ರದಲ್ಲಿ ಬಂಡೆಗಳ ಅಂಚೆಲ್ಲ ಕಲಸಿಹೋಯಿತು. ಹೆಚ್ಚು ಡಿಪಿಐ (ಒಂದು ಅಂಗುಲದಲ್ಲಿ ಹಿಡಿಯುವ ಚುಕ್ಕೆಗಳ ಸಂಖ್ಯೆ) ಇರುವ ಸ್ಕ್ಯಾನರ್ ಕೊಂಡರೆ ಸರಿಹೋಗುತ್ತದೆಯೇ?

ಉತ್ತರ: ಇಲ್ಲ, ದಯವಿಟ್ಟು ಈಗಲೇ ಕೊಳ್ಳಬೇಡಿ. ಆ ಸೌಲಭ್ಯ ಅವಕೆಂಪು (ಇನ್‌ಫ್ರಾರೆಡ್) ಕಿರಣದಿಂದ ದೂಳನ್ನು ಗುರುತಿಸುತ್ತದೆ. ಇತರ ಕಲರ್ ಫಿಲ್ಮ್‌ಗಳು ಆ ಕಿರಣವನ್ನು ಸಲೀಸಾಗಿ ಬಿಟ್ಟುಕೊಡುತ್ತವೆ, ಕೊಡಾಕ್ರೋಮ್ ಪೂರ್ತಿ ಬಿಡುವುದಿಲ್ಲ. ಹೀಗಾಗಿ ಕಪ್ಪು ಬಂಡೆಯೂ ಅದಕ್ಕೆ ದೂಳಾಗಿ ಕಾಣುತ್ತದೆ. ಅದನ್ನು ಆಫ್ ಮಾಡಿ, ಗಾಳಿ ಊದುವ ರಬ್ಬರ್ ಬುರುಡೆಯಿಂದ ದೂಳು ಹಾರಿಸಿ, ಅದೇ ಸ್ಲೈಡನ್ನು ಮತ್ತೆ ಸ್ಕ್ಯಾನ್ ಮಾಡಿ.

ಪ್ರಶ್ನಿಸಿದವರು: ಮಾಡಿದೆ, ಅಂಚುಗಳು ಮರಳಿ ಬಂದವು! ಆದರೆ ಒಂದೊಂದಕ್ಕೆ ಐದು ನಿಮಿಷ ಹಿಡಿಯುತ್ತಿದೆ.

ಉತ್ತರ: ಹಾಗಾದರೆ 4,000ಕ್ಕೆ 333 ಗಂಟೆ. ದಿನಕ್ಕೆ ಎರಡು ಗಂಟೆ ಕುಳಿತರೂ ಐದೂವರೆ ತಿಂಗಳು. ಬಿಡಿಬಿಡಿಯಾಗಿ ಹಾಕುವ ಫಿಲ್ಮ್ ಸ್ಕ್ಯಾನರ್ ಕೊಂಡರೂ ಈ ಕಷ್ಟ ತಪ್ಪದು. ನಿಕಾನ್ ಕೂಲ್‌ಸ್ಕ್ಯಾನ್ 5000ಕ್ಕೆ 50 ಸ್ಲೈಡ್‌ಗಳನ್ನು ತಾನೇ ಎಳೆದುಕೊಳ್ಳುವ ಫೀಡರ್ ಇತ್ತು, ಆದರೆ ಅದರ ತಯಾರಿಕೆ ನಿಂತು ವರ್ಷಗಳಾದವು. ಬಾಗಿದ ರಟ್ಟಿನ ಚೌಕಟ್ಟುಗಳು ಫೀಡರಿನಲ್ಲಿ ಸಿಕ್ಕಿಕೊಳ್ಳುವ ಭಯವೂ ಇದೆ. ನಿಮ್ಮಲ್ಲಿ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ ಇದ್ದರೆ 1:1 ಮ್ಯಾಕ್ರೋ ಲೆನ್ಸ್ (ವಸ್ತುವನ್ನು ಅದರ ನಿಜ ಅಳತೆಯಲ್ಲೇ ಸೆನ್ಸರಿನ ಮೇಲೆ ಮೂಡಿಸುವ ಲೆನ್ಸ್) ಮತ್ತು ಸಿಆರ್‌ಐ (ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬ ಅಂಕ, ಗರಿಷ್ಠ 100) 95ಕ್ಕೆ ಕಡಿಮೆಯಿಲ್ಲದ ಎಲ್‌ಇಡಿ ಫಲಕ ತೆಗೆದುಕೊಂಡು, ಫಲಕದ ಬೆಳಕಿನ ಮುಂದೆ ಸ್ಲೈಡ್ ಇಟ್ಟು ಅದರ ಫೋಟೋ ತೆಗೆಯಿರಿ. ಒಮ್ಮೆ ಕ್ಯಾಮೆರಾದ ಸ್ಟ್ಯಾಂಡ್ ಹೊಂದಿಸಿಕೊಂಡರೆ ಒಂದು ಸ್ಲೈಡಿಗೆ ಅರ್ಧ ನಿಮಿಷವೂ ಬೇಡ. ನನ್ನ ಮಾತು ಕೇಳುವುದಾದರೆ ಇದೇ ದಾರಿ.

ಇನ್ನೊಬ್ಬರ ಉತ್ತರ: ಬೂಸ್ಟು ಹಿಡಿದವನ್ನು ಮೊದಲು ಬೇರೆ ಡಬ್ಬಿಗೆ ಹಾಕಿ. ನೀರಿನಲ್ಲಿ ತೊಳೆಯಲೇಬೇಡಿ. ಚಿತ್ರವನ್ನು ಹಿಡಿದಿಟ್ಟಿರುವ ಜೆಲಟಿನ್ ಪದರ, ಬೂಸ್ಟು ತಿಂದಿದ್ದರೆ, ನೀರಿಗೆ ಕರಗಿ, ಚಿತ್ರವೇ ಹೋಗಬಹುದು. ಇರುವ ಸ್ಥಿತಿಯಲ್ಲೇ ಅವುಗಳ ಚಿತ್ರ ತೆಗೆದುಬಿಡಿ.

ಪ್ರಶ್ನಿಸಿದವರು: ತಮ್ಮನ ಕ್ಯಾಮೆರಾದಲ್ಲಿ, ಬಾಡಿಗೆಗೆ ತಂದ ಲೆನ್ಸಿನಿಂದ ಇಂದು 200 ಮುಗಿಸಿದೆ. ಬಂಡೆಯ ಬಿರುಕುಗಳೂ ಕಾಣುತ್ತಿವೆ. ಎಲ್ಲಕ್ಕೂ ತುಸು ನೀಲಿ ಛಾಯೆ ಬರುತ್ತಿದೆ, ಏಕೆ?

ಉತ್ತರ: ಕೊಡಾಕ್ರೋಮ್ ಹಾಗೆ ನೀಲಿಗೆ ವಾಲುವುದುಂಟು. ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ಕಡತದಲ್ಲೇ ಉಳಿಸಿ, ಒಂದು ಚಿತ್ರದಲ್ಲಿ ಬಿಳಿ ಸಮತೋಲನ (ವೈಟ್ ಬ್ಯಾಲೆನ್ಸ್) ಸರಿಪಡಿಸಿ, ಅದೇ ಹೊಂದಾಣಿಕೆಯನ್ನು ಇಡೀ ಪೆಟ್ಟಿಗೆಗೆ ಅನ್ವಯಿಸಿ. ಚೌಕಟ್ಟಿನ ಮೇಲೆ ತಂದೆಯವರು ಊರು, ತಾರೀಕು ಬರೆದಿದ್ದರೆ ಮೊಬೈಲಿನಲ್ಲಾದರೂ ಅದರ ಚಿತ್ರ ಹಿಡಿದಿಡಿ.