‘ಹಪಹಪಿ’ಯೂ ‘ಹಂಬಲ’ವೂ ಒಂದೆಯೇ?

ಪ್ರಶ್ನೆ:
ಇಪ್ಪತ್ತು ವರ್ಷಗಳಿಂದ ಪುಣೆಯಲ್ಲಿರುವ ನನ್ನ ಚಿಕ್ಕಪ್ಪನವರ ಬಗ್ಗೆ ಬರೆಯುತ್ತ, ‘ತೀರ್ಥಹಳ್ಳಿಯ ಮಳೆಗಾಗಿ ಅವರು ಹಪಹಪಿಸುತ್ತಾರೆ’ ಎಂದಿದ್ದೆ. ಓದಿದ ಹಿರಿಯರೊಬ್ಬರು, ಅದು ದೊಡ್ಡವರ ಬಗ್ಗೆ ಆಡುವ ಮಾತಲ್ಲ, ‘ಹಂಬಲಿಸುತ್ತಾರೆ’ ಎಂದು ತಿದ್ದಿ ಎಂದರು. ಆದರೆ ಜೂನ್ ಬಂತೆಂದರೆ ಕೂತಲ್ಲಿ ಕೂರಲಾರದೆ ದಿನಕ್ಕೆ ನಾಲ್ಕು ಸಲ ಊರಿಗೆ ಫೋನ್ ಮಾಡುವ ಅವರ ಪಾಡು ‘ಹಂಬಲ’ದೊಳಗೆ ಹಿಡಿಸುವುದಿಲ್ಲವೆಂದು ನನಗೆ ಅನಿಸುತ್ತದೆ. ತಿಳಿದವರು ಹೇಳಬೇಕು.

ಉತ್ತರ 1:
ಹಿರಿಯರ ಆಕ್ಷೇಪದಲ್ಲಿ ಹುರುಳಿದೆ. ‘ಹಪಹಪ’ವು ‘ತಹತಹ’, ‘ಚಡಪಡ’ಗಳ ಜಾತಿಯ ಅನುಕರಣ ಪದ; ‘ಇಸು’ ಸೇರಿದಾಗ ಕ್ರಿಯಾಪದವಾಗುತ್ತದೆ. ಹಂಬಲವು ವರ್ಷಗಟ್ಟಲೆ ಮನಸ್ಸಿನೊಳಗೆ ಸದ್ದಿಲ್ಲದೆ ಇರಬಲ್ಲದು, ಹಪಹಪಿಯಾದರೋ ನೋಡುವವರ ಕಣ್ಣಿಗೆ ಬಿದ್ದೇ ಬೀಳುತ್ತದೆ. ಆದ್ದರಿಂದಲೇ ಪತ್ರಿಕೆಗಳು ‘ಅಧಿಕಾರದ ಹಪಹಪಿ’, ‘ಪ್ರಚಾರದ ಹಪಹಪಿ’ ಎಂದು ಬರೆದಾಗ ಅದರಲ್ಲಿ ಒಂದು ಚುಚ್ಚು ಇರುತ್ತದೆ. ‘ಅಧಿಕಾರದ ಹಂಬಲ’ ಎಂದರೆ ಆ ಚುಚ್ಚು ಮೊಂಡಾಗುತ್ತದೆ. ವ್ಯಾಕರಣದಲ್ಲಿಯೂ ವ್ಯತ್ಯಾಸವಿದೆ: ‘ಅವಳನ್ನು ಹಂಬಲಿಸಿದನು’ ಎನ್ನಬಹುದು, ‘ಅವಳನ್ನು ಹಪಹಪಿಸಿದನು’ ಎನ್ನಲಾಗದು, ಅಲ್ಲಿ ‘ಅವಳಿಗಾಗಿ’ ಎಂದೇ ಆಗಬೇಕು.

ಉತ್ತರ 2:
ಮೇಲಿನ ವಿವರಣೆಯನ್ನು ಅರ್ಧ ಮಾತ್ರ ಒಪ್ಪುತ್ತೇನೆ. ‘ಮಗನ ಮುಖ ನೋಡಲು ಮುದುಕಿ ಹಪಹಪಿಸುತ್ತಿದ್ದಾಳೆ’ ಎಂಬಲ್ಲಿ ಹೀಯಾಳಿಕೆ ಎಲ್ಲಿದೆ? ಅಲ್ಲಿರುವುದು ಕನಿಕರವೊಂದೇ. ಪದದ ಬಣ್ಣವನ್ನು ನಿರ್ಧರಿಸುವುದು ಯಾವುದಕ್ಕಾಗಿ ಹಪಹಪಿಸುತ್ತಾರೆ ಎಂಬುದು. ಕುರ್ಚಿಗಾಗಿಯಾದರೆ ಅದು ಹಗುರ, ಊರಿನ ಮಳೆಗಾಗಿಯಾದರೆ ಅಲ್ಲ. ‘ಚಡಪಡಿಕೆ’ ಎಂದು ತಿದ್ದುವ ಗೋಜಿಗಂತೂ ಹೋಗಬೇಡಿ, ಏಕೆಂದರೆ ಏನು ಬೇಕೆಂಬುದೇ ಗೊತ್ತಿಲ್ಲದವನೂ ಚಡಪಡಿಸಬಲ್ಲ. ‘ಹಳಹಳಿಕೆ’ಯೂ ಹೊಂದದು, ಅದು ಕಳೆದುಹೋದದ್ದರ ಕಡೆಗೆ ಮುಖ ಮಾಡಿದ ಪದ, ಮಳೆಯಾದರೋ ಪ್ರತಿವರ್ಷ ಬರುವಂಥದು. (ಅಂಕುಶವಿಟ್ಟರೂ ನನ್ನ ಮನಸ್ಸು ಬನವಾಸಿಯನ್ನೇ ನೆನೆಯುತ್ತದೆ ಎಂದ ಪಂಪನಿಗೆ ಇವು ಯಾವುವೂ ಬೇಕಾಗಲಿಲ್ಲ, ‘ನೆನೆ’ ಎಂಬ ಸಾದಾ ಧಾತುವೇ ಸಾಕಾಯಿತು. ಆದರೆ ಚಡಪಡಿಕೆಯನ್ನೆಲ್ಲ ಆ ಅಂಕುಶದಲ್ಲಿ ಇಟ್ಟಿದ್ದಾನೆ.)

ಉತ್ತರ 1ರವರಿಂದ ಮತ್ತೆ:
ಮುದುಕಿಯ ಉದಾಹರಣೆಯನ್ನು ಒಪ್ಪಿದೆ. ಆದರೂ ಆ ಕನಿಕರದಲ್ಲಿ ನೋಡುವವನು ತುಸು ಎತ್ತರದಲ್ಲಿ ನಿಂತಿರುತ್ತಾನೆ. ಹಿರಿಯರಿಗೆ ಕಸಿವಿಸಿಯಾದದ್ದು ಬಹುಶಃ ಅದಕ್ಕೇ.

ಪ್ರಶ್ನೆ ಕೇಳಿದವರಿಂದ:
ಇಬ್ಬರಿಗೂ ಧನ್ಯವಾದಗಳು. ಎರಡೂ ವಾಕ್ಯಗಳನ್ನು ನಿನ್ನೆ ಚಿಕ್ಕಪ್ಪನವರಿಗೇ ಓದಿ ಹೇಳಿದೆ. ಪದದ ವಿಚಾರವಾಗಿ ಅವರು ಏನನ್ನೂ ಹೇಳದೆ, ಆಗುಂಬೆಯ ಕಡೆ ಮಳೆ ಹಿಡಿಯಿತೇ ಎಂದು ಕೇಳಿದರು. ‘ಹಪಹಪಿಸುತ್ತಾರೆ’ ಎಂಬುದನ್ನೇ ಉಳಿಸಿಕೊಂಡಿದ್ದೇನೆ.